ಲಾವಾ ಕಲ್ಲಿನ ಮೇಲೆ ಬದನೆ ಗಿಡ: ಮಗಳ ಮನೆ ಹಿತ್ತಲಿಗೆ ಏನು ಮಾಡೋಣ?

ಸರಸ್ವತಿಪುರಂ ಅಂಗಳ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ಮಗಳು, ಅಳಿಯ ಅಮೆರಿಕದ ಹವಾಯಿಯ ದೊಡ್ಡ ದ್ವೀಪದಲ್ಲಿದ್ದಾರೆ. ಹಿಲೋ ಊರಿನಿಂದ ದಕ್ಷಿಣಕ್ಕೆ ಪೂನಾ ಅಂತ ಒಂದು ಸೀಮೆ. ಕಿಲೌಯೆಯಾ ಜ್ವಾಲಾಮುಖಿಯ ಇಳಿಜಾರು ಅದು. ನಾನು ಐದು ತಿಂಗಳು ಅಲ್ಲಿದ್ದು ಈಗಷ್ಟೇ ಬಂದೆ. ಹೋಗುವಾಗ ದೊಡ್ಡ ಆಸೆ ಇತ್ತು. ಜ್ವಾಲಾಮುಖಿ ಮಣ್ಣು ಅಂದ್ರೆ ಬಂಗಾರ, ಏನು ಹಾಕಿದರೂ ಬರುತ್ತೆ ಅಂತ ಎಲ್ಲರೂ ಹೇಳಿದ್ದರು. ಮೊಮ್ಮಗಳಿಗೆ ಕೈಯಾರೆ ಒಂದು ಸೊಪ್ಪಿನ ಮಡಿ ಮಾಡಿಕೊಟ್ಟು ಬರೋಣ ಅಂದುಕೊಂಡಿದ್ದೆ.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹಿತ್ತಲಿಗೆ ಗುದ್ದಲಿ ಹಾಕಿದೆ. ಠಣ್ ಅಂತು. ನಾಲ್ಕು ಹೆಜ್ಜೆ ಆಚೆ ಹಾಕಿದೆ, ಅಲ್ಲೂ ಠಣ್. ಹುಲ್ಲಿನ ಬೇರಿನ ಕೆಳಗೆ ಎರಡು ಬೆರಳು ದಪ್ಪ ಕಪ್ಪು ಪುಡಿ, ಅದರ ಕೆಳಗೆ ಬರೀ ಕಲ್ಲು. ತೂತು ತೂತಾದ, ಮುಟ್ಟಿದರೆ ಕೈ ಗೀರುವ ಕಲ್ಲು. ಅಳಿಯ ಪಿಕಾಸಿ ತಂದ. ಒಂದು ಬಿಂದಿಗೆ ಕೂರುವಷ್ಟು ಗುಣಿ ತೋಡಲು ಇಬ್ಬರಿಗೂ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಒಂದು ಬಕೆಟ್ ನೀರು ಹುಯ್ದು ನೋಡಿದೆ. ಬಚ್ಚಲ ತೂತಿಗೆ ಹುಯ್ದ ಹಾಗೆ ಕಣ್ಣೆದುರೇ ಇಳಿದುಹೋಯಿತು.

ಆ ಗುಣಿಗೆ, ಆಮೇಲೆ ತೋಡಿದ ಇನ್ನೂ ಮೂರು ಗುಣಿಗೆ, ಅಲ್ಲಿ ಸಿಗುವ ಮೂಟೆ ಮಣ್ಣು ತುಂಬಿ ಟೊಮೆಟೊ, ಬದನೆ ನೆಟ್ಟು ಬಂದೆ. ಈಗ ಮಗಳು ಫೋಟೋ ಕಳಿಸಿದ್ದಾಳೆ. ಟೊಮೆಟೊ ಗೇಣುದ್ದಕ್ಕೇ ನಿಂತುಬಿಟ್ಟಿದೆ. ಎಲೆ ಮಗುಚಿದರೆ ಅಡಿಭಾಗವೆಲ್ಲ ನೇರಳೆ ಬಣ್ಣ, ನರ ಕೂಡ ನೇರಳೆ. ಹುಳು ಕಾಣಿಸುವುದಿಲ್ಲ. ನೀರಿನ ಕೊರತೆಯಂತೂ ಇಲ್ಲವೇ ಇಲ್ಲ, ಅಲ್ಲಿ ದಿನಾ ಮಳೆ.

ಇಲ್ಲಿ ಮೈಸೂರಿನ ನಮ್ಮ ಕೆಮ್ಮಣ್ಣಿನಲ್ಲಿ ಮೂವತ್ತು ವರ್ಷದಿಂದ ಗಿಡ ಬೆಳೆಸಿದ್ದೇನೆ. ಈ ತರಹ ಎಲೆ ನೋಡಿರಲಿಲ್ಲ. ಇದಕ್ಕೆ ಏನು ಮಾಡಬೇಕು? ಅಲ್ಲಿ ನಿಜವಾಗಲೂ ಮಣ್ಣು ಇದೆಯಾ, ಅಥವಾ ಲಾರಿಯಲ್ಲಿ ಮಣ್ಣು ತರಿಸೋದೊಂದೇ ದಾರಿಯಾ?

ತಾರಸಿ ತೋಟ, ಕುವೆಂಪುನಗರ

ಅಕ್ಕ, ಎಲೆ ಬಗ್ಗೆ ಬಲ್ಲವರು ಹೇಳುತ್ತಾರೆ. ಜ್ವಾಲಾಮುಖಿ ಮಾತು ಬಂತು ಅಂತ ನನ್ನದೊಂದು ಹೇಳುತ್ತೇನೆ. ಹೋದ ವರ್ಷ ಇಲ್ಲೇ ಒಂದು ನರ್ಸರಿಯಲ್ಲಿ ‘ಲಾವಾ ಕಲ್ಲು ಬೆರೆಸಿದ ಮಣ್ಣು’ ಅಂತ ಮಾರುತ್ತಿದ್ದರು. ಸಾಧಾರಣ ಮಿಶ್ರಣಕ್ಕಿಂತ ಮೂರರಷ್ಟು ಬೆಲೆ. ಗುಲಾಬಿ ಕುಂಡಕ್ಕೆ ಒಳ್ಳೆಯದು ಅಂತ ನಾಲ್ಕು ಚೀಲ ತಂದೆ. ಮಳೆಗಾಲ ಕಳೆಯುವ ಹೊತ್ತಿಗೆ ಕುಂಡದ ತಳದಲ್ಲಿ ಕೆಂಪು ರಾಡಿ. ಆ ಕೆಂಪು ಚೂರನ್ನು ಬೆರಳಲ್ಲಿ ಹಿಚುಕಿದರೆ ಪುಡಿಪುಡಿ. ಅದು ಇಟ್ಟಿಗೆ ಚೂರು! ದುಡ್ಡು ಹೋದದ್ದಕ್ಕಿಂತ ಎರಡು ಗುಲಾಬಿ ಕೊಳೆತುಹೋದದ್ದು ನನಗೆ ತುಂಬಾ ಬೇಜಾರು.

ಈಗ ಯಾರಾದರೂ ಪ್ಯೂಮಿಸ್, ಅಂದ್ರೆ ಜ್ವಾಲಾಮುಖಿಯ ಹಗುರವಾದ ತೂತು ತೂತು ಕಲ್ಲು, ಅಂತ ಕೊಟ್ಟರೆ ಮೊದಲು ಲೋಟದ ನೀರಿಗೆ ಹಾಕಿ ನೋಡುತ್ತೇನೆ. ನಿಜವಾದ ಪ್ಯೂಮಿಸ್ ಒಣಗಿದ್ದಾಗ ತೇಲುತ್ತದೆ. ಕೆಂಪು ಅಥವಾ ಕಪ್ಪು ಲಾವಾ ಕಲ್ಲು ಮುಳುಗಬಹುದು, ಆದರೆ ಎಷ್ಟು ದಿನ ನೆನೆಸಿದರೂ ಕರಗುವುದಿಲ್ಲ, ಉಗುರಿಗೆ ಪುಡಿಯಾಗುವುದೂ ಇಲ್ಲ.

ಕಲ್ಲು ಮೇಷ್ಟ್ರು

ಮೇಡಂ, ನಿಮ್ಮ ಗುದ್ದಲಿ ಠಣ್ ಅಂದದ್ದರಲ್ಲೇ ಅರ್ಧ ಉತ್ತರ ಇದೆ. ನಾನು ಮೈಸೂರಿನಲ್ಲಿ ಬಹಳ ವರ್ಷ ಭೂವಿಜ್ಞಾನ ಪಾಠ ಮಾಡಿದವನು. ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಬಿಡಿಸಿ ಹೇಳುತ್ತೇನೆ.

ಜ್ವಾಲಾಮುಖಿ ಮಣ್ಣು ಅಂತ ಎಲ್ಲದಕ್ಕೂ ಒಂದೇ ಹೆಸರಿಟ್ಟಿದ್ದರಿಂದ ಈ ಗೊಂದಲ. ಬೂದಿ ಬಿದ್ದ ಊರು ಬೇರೆ, ಲಾವಾ ಹರಿದ ಊರು ಬೇರೆ. ಇಂಡೋನೇಷ್ಯಾದ ಜಾವಾ ದ್ವೀಪದ ಮೆರಾಪಿಯಂಥ ಬೆಟ್ಟಗಳು ಬೂದಿ ಉಗುಳುತ್ತವೆ. ಬೂದಿ ಅಂದ್ರೆ ಒಲೆ ಬೂದಿ ಅಲ್ಲ, ಕಲ್ಲು ಮತ್ತು ಗಾಜಿನ ನುಣುಪಾದ ಪುಡಿ. ಕಲ್ಲುಸಕ್ಕರೆ ಉಂಡೆ ಒಂದು ಲೋಟಕ್ಕೆ, ಸಕ್ಕರೆ ಪುಡಿ ಇನ್ನೊಂದು ಲೋಟಕ್ಕೆ ಹಾಕಿ ನೋಡಿ. ಪುಡಿ ಬೇಗ ಕರಗುತ್ತದೆ ಅಲ್ವಾ? ಹಾಗೆಯೇ ಬೂದಿ ಬೇಗ ಮಣ್ಣಾಗುತ್ತದೆ. ಜಾವಾದಲ್ಲಿ ಬೆಟ್ಟದ ಬುಡದವರೆಗೂ ಭತ್ತದ ಮಡಿ ಇರುವುದು ಇದರಿಂದ. ಕಿಲೌಯೆಯಾ ಹೆಚ್ಚಾಗಿ ಲಾವಾ ಹರಿಸುವ ಬೆಟ್ಟ. ನಿಮ್ಮ ಮಗಳ ಮನೆ ಇರುವುದು ಕಲ್ಲುಸಕ್ಕರೆ ಉಂಡೆಯ ಮೇಲೆ.

ಇನ್ನೊಂದು ವಿಷಯ ವಯಸ್ಸು. ಪೂನಾದಲ್ಲಿ ಕೆಲವು ಕಡೆ ಕಲ್ಲು ಹುಟ್ಟಿ ಇನ್ನೂ ಹತ್ತು ವರ್ಷ ಕೂಡ ಸರಿಯಾಗಿ ಆಗಿಲ್ಲ. 2018ರಲ್ಲಿ ಅಲ್ಲೇ 700ಕ್ಕೂ ಹೆಚ್ಚು ಮನೆಗಳು ಲಾವಾ ಕೆಳಗೆ ಹೋದವು. ಅದೇ ಹವಾಯಿ ಸಾಲಿನ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ಅಲ್ಲಿ ಮಣ್ಣು ಆಳವಾಗಿದೆ, ನಮ್ಮದರ ಹಾಗೇ ಕೆಂಪಗಿದೆ. ಒಂದೇ ಜಾತಿಯ ಕಲ್ಲು. ಕಾಲ ಮಾತ್ರ ಬೇರೆ.

ಹೊಸ ಲಾವಾದಲ್ಲಿ ಸುಣ್ಣ, ಮೆಗ್ನೀಸಿಯಂ, ಕಬ್ಬಿಣ ಧಾರಾಳವಾಗಿ ಇರುತ್ತದೆ. ಸಾರಜನಕ ಮಾತ್ರ ಇರುವುದಿಲ್ಲ. ಅದು ಕಲ್ಲಿನಿಂದ ಬರುವುದಲ್ಲ. ಗಾಳಿಯಿಂದ, ಸೊಪ್ಪು ಸದೆಯಿಂದ, ಜೀವಿಗಳಿಂದ ಬರಬೇಕು. ಹೊಸ ಲಾವಾ ಮೇಲೆ ಅಲ್ಲಿ ಎಲ್ಲಕ್ಕಿಂತ ಮೊದಲು ಬೇರೂರುವ ಮರಗಳಲ್ಲಿ ಓಹಿಯ ಒಂದು. ನಮ್ಮ ನೇರಳೆಯ ಕುಟುಂಬದ್ದೇ. ಬಿರುಕಿನಲ್ಲಿ ಹುಟ್ಟಿ, ಎಲೆ ಉದುರಿಸಿ, ತನ್ನ ಬುಡಕ್ಕೆ ತಾನೇ ಮಣ್ಣು ಮಾಡಿಕೊಳ್ಳುತ್ತದೆ. ನೀವು ನೋಡಿದ ಎರಡು ಬೆರಳು ಕಪ್ಪು ಪುಡಿ ಇದೆಯಲ್ಲ, ಅದು ಕಲ್ಲಿನ ಪುಡಿ ಅನ್ನುವುದಕ್ಕಿಂತ ಎಲೆ ಕೊಳೆತದ್ದೇ ಜಾಸ್ತಿ. ಅಲ್ಲಿ ಇರುವ ಮಣ್ಣು ಅಂದ್ರೆ ಅದೇ. ಅದನ್ನು ಕೆರೆದು ಆಚೆ ಹಾಕಬೇಡಿ ಅಂತ ಮಗಳಿಗೆ ಇವತ್ತೇ ಹೇಳಿ.

ಸರಸ್ವತಿಪುರಂ ಅಂಗಳ

ಮೇಷ್ಟ್ರೇ, ಗುಣಿ ತೋಡುವಾಗ ಆ ಕಪ್ಪು ಪುಡಿಯನ್ನು ಕಸ ಅಂತ ಬೇಲಿ ಪಕ್ಕಕ್ಕೆ ಗುಡಿಸಿ ಹಾಕಿದ್ದೆವು. ಈಗ ಫೋನ್ ಮಾಡಿ ಹೇಳಿದೆ. ಮಳೆಗೆ ಕೊಚ್ಚಿಹೋಗದೆ ಇನ್ನೂ ಸ್ವಲ್ಪ ಅಲ್ಲೇ ಇದೆಯಂತೆ.

ವಿಜಯಪುರದಿಂದ ಮೈಸೂರಿಗೆ

ಮೇಷ್ಟ್ರ ಬರಹ ಓದಿ ನಮ್ಮೂರು ನೆನಪಾಯಿತು. ನಾನು ಎರಿ ಮಣ್ಣಿನಲ್ಲಿ, ಅಂದ್ರೆ ಕಪ್ಪು ಮಣ್ಣಿನಲ್ಲಿ, ಆಡಿ ಬೆಳೆದವನು. ನಮ್ಮ ಕಡೆಯ ಮಣ್ಣೂ ಜ್ವಾಲಾಮುಖಿಯದ್ದೇ ಅಂತ ಶಾಲೆಯಲ್ಲಿ ಓದಿದ್ದೆವು. ಆದರೆ ಅದಕ್ಕೂ ಈ ಅಕ್ಕ ಹೇಳುವ ಮಣ್ಣಿಗೂ ಒಂದಿಷ್ಟೂ ಹೋಲಿಕೆ ಇಲ್ಲ. ನೀರು ಹಾಕಿದರೆ ನಮ್ಮ ಮಣ್ಣು ಬಿಡುವುದೇ ಇಲ್ಲ. ಮಳೆ ಬಿದ್ದಾಗ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿಗೆ ಎರಡು ಕಿಲೋ ಅಂಟುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಹಿಂಗಾರಿನಲ್ಲಿ ಜೋಳ ಬಿತ್ತಿದರೆ ಆಮೇಲೆ ಮಳೆ ಬರದಿದ್ದರೂ ಮಣ್ಣೊಳಗಿನ ತೇವದಲ್ಲೇ ತೆನೆ ಕಟ್ಟುತ್ತದೆ.

ಮೈಸೂರಿಗೆ ಬಂದ ಹೊಸದರಲ್ಲಿ ಇಲ್ಲಿಯ ಕೆಮ್ಮಣ್ಣಿಗೂ ಊರಿನ ಲೆಕ್ಕದಲ್ಲೇ ವಾರಕ್ಕೊಮ್ಮೆ ನೀರು ಹಾಕಿ ಒಂದು ಮಡಿ ಮೆಣಸಿನ ಗಿಡ ಒಣಗಿಸಿದೆ.

ಕಲ್ಲು ಮೇಷ್ಟ್ರು

ನೀವು ಶಾಲೆಯಲ್ಲಿ ಓದಿದ್ದು ಸರಿ ಸರ್. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ನಮ್ಮ ರಾಜ್ಯದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ಕಡೆಗಳಲ್ಲಿ ಆ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಕಲ್ಲು ಇದೆ. ಅದರಿಂದ ದಕ್ಷಿಣಕ್ಕೆ ಬರಲಿಲ್ಲ. ಮಳೆ ಕಡಿಮೆ ಇರುವ ಕಡೆ ಬಸಾಲ್ಟ್ ಸವೆದು, ನೀರು ಕುಡಿದು ಉಬ್ಬುವ ಜೇಡಿಯಾಗುತ್ತದೆ. ಅದೇ ನಿಮ್ಮ ಎರಿ. ಮಳೆ ಜೋರಾಗಿ ಬಿದ್ದು ಎಲ್ಲವನ್ನೂ ತೊಳೆದುಕೊಂಡು ಹೋಗುವ ಕಡೆ ಅದೇ ಕಲ್ಲು ಕೆಂಪು ಮಣ್ಣಾಗುತ್ತದೆ, ಜಂಬಿಟ್ಟಿಗೆ ಆಗುತ್ತದೆ.

ಹಾಗೇ, ನಮ್ಮ ಮೈಸೂರಿನ ಕೆಮ್ಮಣ್ಣು ಬೆಂಕಿ ಬೆಟ್ಟದ್ದಲ್ಲ. ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲು, ಗ್ರಾನೈಟ್ ಇವು ಸವೆದು ಆದದ್ದು. ಚಾಮುಂಡಿ ಬೆಟ್ಟದ ಗ್ರಾನೈಟಿಗೇ ಸುಮಾರು 80 ಕೋಟಿ ವರ್ಷ. ಸುತ್ತಲಿನ ನೈಸ್ ಇನ್ನೂ ಎಷ್ಟೋ ಹಳೆಯದು.

ನಂಜನಗೂಡು ಬಾಳೆ

ಮೇಷ್ಟ್ರೇ, ನಮ್ಮ ನಂಜನಗೂಡು, ಚಾಮರಾಜನಗರದ ಕಡೆಯೂ ಕಪ್ಪು ಮಣ್ಣಿದೆಯಲ್ಲ. ರಸಬಾಳೆಗೆ ಆ ರುಚಿ ಬರೋದೇ ಆ ಮಣ್ಣಿನಿಂದ ಅಂತಾರೆ. ಹಾಗಾದರೆ ಅದೂ ಲಾವಾದ್ದೇ ಅಲ್ವಾ?

ಕಲ್ಲು ಮೇಷ್ಟ್ರು

ಅಲ್ಲ ಸರ್. ಕಪ್ಪಗಿರುವುದೆಲ್ಲ ಲಾವಾ ಮಣ್ಣಲ್ಲ. ತಗ್ಗಿನಲ್ಲಿ ನೀರು ಬಸಿಯದೆ ನಿಲ್ಲುವ ಕಡೆ, ಒಣ ಹವೆಯಲ್ಲಿ, ನೈಸ್ ಕಲ್ಲಿನಿಂದಲೂ ಕಪ್ಪು ಜೇಡಿ ಹುಟ್ಟುತ್ತದೆ. ನಿಮ್ಮ ಕಡೆಯದು ಆ ತರಹದ್ದು, ಜೊತೆಗೆ ಹೊಳೆ ತಂದು ಹಾಕಿದ್ದೂ ಸೇರಿದೆ. ಆದರೆ ಚಾಮರಾಜನಗರದ ಕರಿಕಲ್ಲು ಇದೆಯಲ್ಲ, ಅಡುಗೆಮನೆ ಕಟ್ಟೆಗೆ ಹಾಕುತ್ತೀವಲ್ಲ, ಅದು ಮಾತ್ರ ಕರಗಿದ ಕಲ್ಲು ಭೂಮಿಯ ಬಿರುಕಿನೊಳಗೆ ಏರಿ, ಹೊರಗೆ ಬರುವ ಮೊದಲೇ ಗಟ್ಟಿಯಾದದ್ದು. ಇನ್ನು ಹಳೆಯ ಲಾವಾವನ್ನೇ ಕಣ್ಣಾರೆ ನೋಡಬೇಕು ಅಂದ್ರೆ ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ಹೋಗಿ. ನೀರಿನ ಕೆಳಗೆ ಹೊರಬಂದ ಲಾವಾ ದಿಂಬು ಜೋಡಿಸಿಟ್ಟ ಹಾಗೆ ಹೆಪ್ಪುಗಟ್ಟಿದೆ. ನಾನು ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಒಬ್ಬ ಹುಡುಗ ಆ ಕಲ್ಲಿನ ಮೇಲೆ ತಲೆ ಇಟ್ಟು ಮಲಗಿ ನೋಡಿದ್ದು ಇವತ್ತಿಗೂ ನೆನಪಿದೆ.

ತಾರಸಿ ತೋಟ, ಕುವೆಂಪುನಗರ

ಹಾಗಾದರೆ ಕರಿಕಲ್ಲು ಕೊಯ್ಯುವ ಕಡೆ ಸಿಗುವ ಬೂದು ಪುಡಿಯನ್ನೇ ಕುಂಡಕ್ಕೆ ಹಾಕಬಹುದಾ? ಪುಕ್ಕಟೆ ಸಿಗುತ್ತೆ.

ಕಲ್ಲು ಮೇಷ್ಟ್ರು

ಬೇಡ. ಕೊಯ್ಯುವ, ಪಾಲಿಶ್ ಮಾಡುವ ಕಡೆಯ ರಾಡಿಯಲ್ಲಿ ಬ್ಲೇಡಿನ ಲೋಹದ ಪುಡಿ, ಪಾಲಿಶ್ ಪುಡಿ ಎಲ್ಲ ಸೇರಿರುತ್ತದೆ. ಕುಂಡದಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಬಿಡುತ್ತದೆ. ಶುದ್ಧ ಕಲ್ಲು ಪುಡಿಯಾದರೂ ಅದರ ಸತ್ವ ಗಿಡಕ್ಕೆ ಸಿಗಲು ವರ್ಷಗಟ್ಟಲೆ ಬೇಕು.

ಪಾಂಡವಪುರ ನಾಲೆ ಬಯಲು

ಅಕ್ಕಾ, ನಾನು ರೈತ. ಹವಾಯಿ ನೋಡಿಲ್ಲ. ಆದರೆ ಎಲೆ ನೇರಳೆ ಆಗುವುದು ನೋಡಿದ್ದೇನೆ. ಅದು ರಂಜಕದ (ಫಾಸ್ಫರಸ್) ಕೊರತೆ. ಜೋಳದ ಪೈರಿನಲ್ಲೂ ಹೀಗೇ ಅಂಚು ನೇರಳೆ ಆಗುತ್ತೆ. ಗಿಡ ಕುಳ್ಳಗೆ ನಿಲ್ಲುತ್ತೆ, ಬೇರು ಇಳಿಯೋದಿಲ್ಲ.

ನಮ್ಮ ಅನುಭವ ಕೇಳಿ. ನಮಗೆ ವಿಶ್ವೇಶ್ವರಯ್ಯ ನಾಲೆ ನೀರು. ತಾತನ ಕಾಲದಲ್ಲಿ ನಾಲೆ ಬಂದಾಗ ಕೆಮ್ಮಣ್ಣಿನ ಹುರುಳಿ ಹೊಲ ಕಬ್ಬಿನ ಗದ್ದೆ ಆಯಿತು. ಆಗ ಬೇಸಾಯದ ಜೊತೆ ಹತ್ತು ಹನ್ನೆರಡು ದನ, ತಿಪ್ಪೆ ಗೊಬ್ಬರ ಗಾಡಿಗಟ್ಟಲೆ. ಅಪ್ಪನ ಕಾಲಕ್ಕೆ ದನ ಕಡಿಮೆಯಾದವು, ಯೂರಿಯಾ ಜಾಸ್ತಿಯಾಯಿತು. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವುದು. ನನ್ನ ಕೈಗೆ ಬರುವ ಹೊತ್ತಿಗೆ ಮಣ್ಣು ಹೇಗಿತ್ತು ಗೊತ್ತಾ? ನೀರು ಬಿಟ್ಟು ಎರಡು ದಿನಕ್ಕೆ ಮೇಲೆ ಹಪ್ಪಳದ ಹಾಗೆ ಪದರ ಕಟ್ಟುತ್ತಿತ್ತು. ಗದ್ದೆಯ ಕೊನೆಯಲ್ಲಿ ಬೆಳ್ಳಗೆ ಚೌಳು.

ತರಗು ಸುಡುವುದು ಬಿಟ್ಟೆ. ಸಾಲುಬಿಟ್ಟು ಸಾಲಿಗೆ ತರಗನ್ನು ಹಾಸಿ, ಮೇಲೆ ಸಗಣಿ ಬಗ್ಗಡ ಎರಚಿ, ನೀರು ಬಿಟ್ಟೆ. ಭತ್ತ ಹಾಕುವ ಗದ್ದೆಗೆ ಮೊದಲು ಹಸಿರೆಲೆ ಗೊಬ್ಬರದ ಅಪ್ಸೆಣಬು ಚೆಲ್ಲಿ, ಹೂವು ಬರುವ ಹೊತ್ತಿಗೆ ಉಳುಮೆ ಮಾಡಿ ಸೇರಿಸಿದೆ. ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಮನೆಯಲ್ಲಿ ಮಾತು ಕೇಳಬೇಕಾಯಿತು. ಮೂರನೇ ವರ್ಷ ತರಗು ಸರಿಸಿ ನೋಡಿದರೆ ಅಡಿಯಲ್ಲಿ ಎರೆಹುಳು. ಕೈ ಹಾಕಿದರೆ ಮಣ್ಣು ತಣ್ಣಗೆ, ಪುಡಿಪುಡಿಯಾಗಿ, ಮಳೆ ಬಂದ ವಾಸನೆ.

ನಿಮ್ಮ ಮಗಳ ಮನೆಯಲ್ಲಿ ಕಲ್ಲಿದ್ದರೆ ಇರಲಿ. ಕಲ್ಲು ಅಗೆಯಬೇಡಿ, ಮೇಲೆ ಹಾಸಿ. ಗುಣಿ ಆಳ ಮಾಡಿದಷ್ಟೂ ನಿಮಗೆ ಶ್ರಮ, ಗಿಡಕ್ಕೆ ಲಾಭ ಇಲ್ಲ.

ಹಿಲೋದಲ್ಲಿ 6 ವರ್ಷ

ಎಷ್ಟು ಒಳ್ಳೆಯ ಮಾತು ಅಣ್ಣ! ಪೂನಾದಲ್ಲಿ ತೋಟ ಮಾಡುವವರು ಕೊನೆಗೆ ಅದಕ್ಕೇ ಬರುತ್ತಾರೆ. ನಾನು ಗಂಡನ ಕೆಲಸದ ಮೇಲೆ ಅಲ್ಲಿ ಆರು ವರ್ಷ ಇದ್ದು, ಈಗ ವಿಜಯನಗರ 2ನೇ ಹಂತದಲ್ಲಿದ್ದೇನೆ. ಆಂಟಿ, ನಿಮ್ಮ ಮಗಳ ಹಿತ್ತಲು ನನ್ನ ಹಿತ್ತಲಿನ ಹಾಗೇ ಇದೆ. ನನಗೆ ಗೊತ್ತಿದ್ದೆಲ್ಲ ಹೇಳಿಬಿಡುತ್ತೇನೆ.

ಮೊದಲು ಕಲ್ಲು ಯಾವುದು ಅಂತ ನೋಡಿ. ಅಲ್ಲಿ ಎರಡು ಬಗೆ. ಚೂಪು ಚೂಪಾಗಿ ಪುಡಿ ಕಲ್ಲಿನ ರಾಶಿಯಂತೆ ಇರುವುದು ‘ಆ-ಆ’. ನುಣ್ಣಗೆ, ಹಗ್ಗ ಸುತ್ತಿಟ್ಟ ಹಾಗೆ ಇರುವುದು ‘ಪಾಹೋಯ್‌ಹೋಯ್’. ಹವಾಯಿ ಭಾಷೆಯ ಹೆಸರುಗಳು, ಈಗ ಪ್ರಪಂಚದಲ್ಲೆಲ್ಲ ಅದನ್ನೇ ಬಳಸುತ್ತಾರೆ. ಆ-ಆ ಇದ್ದರೆ ಅದೃಷ್ಟ. ಸಂದುಗಳಲ್ಲಿ ಬೇರು ಇಳಿಯುತ್ತದೆ. ಅಲ್ಲಿ ಪರಂಗಿ ತೋಟಗಳು ಹಾಗೇ, ಕಲ್ಲನ್ನು ಬುಲ್ಡೋಜರಿನಲ್ಲಿ ಒಡೆಸಿ ಆ ಚೂರುಗಳ ನಡುವೆಯೇ ಗಿಡ. ಪೂನಾ ಪರಂಗಿಗೆ ಹೆಸರಾದದ್ದು. 90ರ ದಶಕದಲ್ಲಿ ಉಂಗುರ ಚುಕ್ಕೆ ವೈರಸ್ ಬಂದು ತೋಟಗಳೇ ಹಾಳಾಗಿದ್ದವು. 1998ರಲ್ಲಿ ಆ ವೈರಸ್ ತಡೆಯುವ ‘ರೇನ್‌ಬೋ’ ಅನ್ನುವ ತಳಿ ರೈತರಿಗೆ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಪಾಹೋಯ್‌ಹೋಯ್ ಆಗಿದ್ದರೆ ಪಿಕಾಸಿ ಕೆಲಸ ಬಿಡಿ, ಕಲ್ಲಿನ ಮೇಲೆ ಮಡಿ ಕಟ್ಟಿ.

ನಾನು ಮಾಡಿದ್ದು ಹೀಗೆ. ಸುತ್ತ ಲಾವಾ ಕಲ್ಲುಗಳನ್ನೇ ಮೊಣಕಾಲೆತ್ತರ ಜೋಡಿಸಿದೆ. ಒಳಗೆ ತಳಕ್ಕೆ ರಟ್ಟು, ಅದರ ಮೇಲೆ ದಪ್ಪ ಕೊಂಬೆ, ಬಾಳೆ ದಿಂಡು, ಆಮೇಲೆ ಹಸಿ ಸೊಪ್ಪು, ಒಣ ಎಲೆ, ಅಡುಗೆಮನೆ ಸಿಪ್ಪೆ. ಮೇಲೆ ಮಾತ್ರ ನಾಲ್ಕು ಬೆರಳು ಮಣ್ಣು. ಅಲ್ಲಿಯ ಮಳೆಗೆ, ಬಿಸಿಗೆ ಎಲ್ಲ ಬೇಗ ಕೊಳೆಯುತ್ತದೆ. ಮೈಸೂರಲ್ಲಿ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ ಅಂದ್ರೆ ಹಿಲೋದಲ್ಲಿ 3,000ಕ್ಕಿಂತ ಜಾಸ್ತಿ. ಮೊಣಕಾಲೆತ್ತರ ಇದ್ದದ್ದು ಆರು ತಿಂಗಳಿಗೆ ಗೇಣಿಗೆ ಇಳಿಯಿತು. ಮತ್ತೆ ತುಂಬಿಸಬೇಕು. ಗ್ಲಿರಿಸಿಡಿಯಾ, ಅದೇ ನಮ್ಮ ಗೊಬ್ಬರದ ಗಿಡ, ಅಲ್ಲೂ ಬೇಲಿಗೆ ಹಾಕುತ್ತಾರೆ. ಕಡಿದು ಕಡಿದು ಹಾಕುವುದಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಲಾರಿ ಮಣ್ಣಿನ ವಿಷಯ. ದಯವಿಟ್ಟು ಅವಸರ ಮಾಡಬೇಡಿ. ಅಲ್ಲಿ ಚಿಕ್ಕ ಬೆಂಕಿ ಇರುವೆ ಅಂತ ಒಂದು ಕಾಟ ಇದೆ. ಸಾಸಿವೆಯಷ್ಟೂ ಇರುವುದಿಲ್ಲ, ಕಚ್ಚಿದರೆ ದಿನಗಟ್ಟಲೆ ಉರಿ. ಹೊರಗಿನ ಮಣ್ಣು, ಕುಂಡ, ಸೊಪ್ಪಿನ ಹೊದಿಕೆ ಜೊತೆಯಲ್ಲೇ ಬರುತ್ತದೆ. ಏನೇ ತಂದರೂ ಮೊದಲು ಒಂದು ಕಡ್ಡಿಗೆ ಕಡಲೆಕಾಯಿ ಬೆಣ್ಣೆ ತೆಳ್ಳಗೆ ಸವರಿ ಅದರ ಮೇಲೆ ಇಟ್ಟು, ಒಂದು ಗಂಟೆ ಬಿಟ್ಟು ನೋಡಬೇಕು. ಕಡ್ಡಿ ತುಂಬ ಕಿತ್ತಳೆ ಬಣ್ಣದ ಚುಕ್ಕೆಗಳು ನಿಧಾನಕ್ಕೆ ಓಡಾಡುತ್ತಿದ್ದರೆ ಆ ಮಣ್ಣು ಬೇಡವೇ ಬೇಡ.

ಇನ್ನೊಂದು, ಇದು ತುಂಬಾ ಮುಖ್ಯ. ಮನೆಯಲ್ಲಿ ಚಿಕ್ಕ ಮಗು ಇದೆ ಅಂದಿರಿ. ಆ ಭಾಗದ ಬಸವನಹುಳು, ಚಿಪ್ಪಿಲ್ಲದ ಬಸವನಹುಳುಗಳಲ್ಲಿ ಒಂದು ಸಣ್ಣ ಪರಾವಲಂಬಿ ಹುಳು ಇರುತ್ತದೆ. ಇಲಿಯ ಶ್ವಾಸಕೋಶದಿಂದ ಬರುವಂಥದ್ದು. ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿಗೆ ತೊಂದರೆ ಕೊಡುತ್ತದೆ. ಸೊಪ್ಪನ್ನು ಒಂದೊಂದೇ ಎಲೆ ಬಿಡಿಸಿ, ಎರಡೂ ಕಡೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಹಸಿಯಾಗಿ ತಿನ್ನುವ ಬದಲು ಬೇಯಿಸುವುದು ಒಳ್ಳೆಯದು. ನಮ್ಮ ಹುಳಿ, ಬಸ್ಸಾರಿಗೆ ಹೇಗೂ ಬೇಯಿಸುತ್ತೀವಲ್ಲ.

ಸರಸ್ವತಿಪುರಂ ಅಂಗಳ

ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ ಕಣಮ್ಮ. ಹುಳುವಿನ ವಿಷಯ ಓದಿ ಎದೆ ಧಸಕ್ಕೆಂತು. ಮಗಳಿಗೆ ಆಗಲೇ ಹೇಳಿದೆ. ಅವಳಿಗೆ ಗೊತ್ತಿತ್ತಂತೆ, ನನಗೆ ಗಾಬರಿಯಾಗುತ್ತೆ ಅಂತ ಹೇಳಿರಲಿಲ್ಲ.

ರಂಜಕದ ಕೊರತೆ ಅಂದರಲ್ಲ. ಮೂಟೆ ಮಣ್ಣಿನಲ್ಲಿ ಗೊಬ್ಬರ ಸೇರಿದೆ ಅಂತ ಬರೆದಿತ್ತು. ಆದರೂ ಯಾಕೆ ಹೀಗೆ?

ಕಲ್ಲು ಮೇಷ್ಟ್ರು

ಜ್ವಾಲಾಮುಖಿ ಬೂದಿಯಿಂದ ಆದ ಮಣ್ಣಿಗೆ ಒಂದು ಗುಣ ಇದೆ. ಅದರಲ್ಲಿ ಅಲೋಫೇನ್ ಅನ್ನುವ ಖನಿಜ ಹುಟ್ಟುತ್ತದೆ. ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ, ಎಲೆ ಕೊಳೆತ ಸತ್ವವನ್ನೂ ಭದ್ರವಾಗಿ ಹಿಡಿಯುತ್ತದೆ. ಆದರೆ ರಂಜಕವನ್ನೂ ಹಾಗೇ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಮಣ್ಣಿನಲ್ಲಿ ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಆ ಮೂಟೆಯಲ್ಲಿ ಅಲ್ಲಿಯದೇ ಬೂದಿ ಮಣ್ಣು ಇದ್ದರೆ ಇದೇ ಕಾರಣ ಇರಬಹುದು. ಜೊತೆಗೆ ಅಲ್ಲಿಯ ಮಳೆ ಸುಣ್ಣವನ್ನು ತೊಳೆದುಬಿಡುತ್ತದೆ. ಮಣ್ಣು ಹುಳಿಯಾದಷ್ಟೂ ಈ ಹಿಡಿತ ಜಾಸ್ತಿ.

ನಮ್ಮ ಕೆಮ್ಮಣ್ಣಿನಲ್ಲಿರುವ ಕಬ್ಬಿಣವೂ ಸ್ವಲ್ಪ ಮಟ್ಟಿಗೆ ಇದನ್ನೇ ಮಾಡುತ್ತದೆ. ಅದಕ್ಕೇ ರಂಜಕದ ಗೊಬ್ಬರವನ್ನು ಮಡಿಯ ಮೇಲೆಲ್ಲ ಎರಚಬಾರದು. ಕೊಳೆತ ಗೊಬ್ಬರದ ಜೊತೆ ಕಲಸಿ, ಬೇರಿನ ಹತ್ತಿರ ಒಂದು ಕಡೆ ಇಡಬೇಕು. ಹುಳಿ ಮಣ್ಣಿಗೆ ಶಿಲಾ ರಂಜಕ, ಅಂದ್ರೆ ರಂಜಕ ಇರುವ ಕಲ್ಲಿನ ಪುಡಿ, ಒಗ್ಗುತ್ತದೆ, ನಿಧಾನಕ್ಕೆ ಕರಗುತ್ತದೆ. ಅದನ್ನೇ ವಿಜಯಪುರದ ಎರಿಗೆ ಹಾಕಿದರೆ ಕರಗುವುದಿಲ್ಲ.

ಪಾಂಡವಪುರ ನಾಲೆ ಬಯಲು

ಮೀನಿನ ಮುಳ್ಳು, ತಲೆ ಗುಣಿಯ ತಳಕ್ಕೆ ಹಾಕಲಿ. ಸಮುದ್ರದ ಊರು, ಸಿಗುತ್ತೆ ಅಲ್ವಾ.

ಹಿಲೋದಲ್ಲಿ 6 ವರ್ಷ

ಹೂತರೆ ಕಾಡುಹಂದಿ ಬಂದು ಇಡೀ ಮಡಿ ಉತ್ತು ಹೋಗುತ್ತವೆ ಅಣ್ಣ! ನನಗೆ ಒಂದು ರಾತ್ರಿಯಲ್ಲಿ ಎರಡು ಮಡಿ ಹೋಯಿತು. ಒಣಗಿದ ಮೂಳೆ ಪುಡಿಯನ್ನು ಗೊಬ್ಬರದೊಳಗೆ ಕೊಳೆಸಿ ಹಾಕಿದರೆ ವಾಸನೆ ಬರುವುದಿಲ್ಲ. ಸುಣ್ಣಕ್ಕೆ ಅಲ್ಲಿ ಹವಳದ ಪುಡಿ ಸಿಗುತ್ತದೆ.

ವಿಜಯಪುರದಿಂದ ಮೈಸೂರಿಗೆ

ಒಲೆ ಬೂದಿ ಹಾಕಿದರೆ ಆಗದಾ? ನಮ್ಮವ್ವ ಎಲ್ಲ ಗಿಡಕ್ಕೂ ಬೂದಿ ಹಾಕುತ್ತಿದ್ದಳು.

ಕಲ್ಲು ಮೇಷ್ಟ್ರು

ಹುಳಿ ಮಣ್ಣಿಗೆ ಒಂದೊಂದು ಹಿಡಿ ಒಳ್ಳೆಯದೇ. ಎರಿ ಮಣ್ಣಿಗೆ, ಮೈಸೂರಿನಲ್ಲಿ ಬೋರ್‌ವೆಲ್ ಗಡಸು ನೀರು ಹಾಕುವ ಕುಂಡಗಳಿಗೆ ಬೇಡ. ಅಲ್ಲಿ ಮೊದಲೇ ಕ್ಷಾರ ಜಾಸ್ತಿ ಇರುತ್ತದೆ.

ನಂಜನಗೂಡು ಬಾಳೆ

ಅಮ್ಮಾ, ನಮ್ಮ ಮನೆಯಲ್ಲಿ ಕರಿಬೇವಿನ ಸಸಿ ಬೇಕಾದಷ್ಟಿವೆ. ಮುಂದಿನ ಸಲ ಹೋಗುವಾಗ ಒಂದು ತೆಗೆದುಕೊಂಡು ಹೋಗಿ.

ಹಿಲೋದಲ್ಲಿ 6 ವರ್ಷ

ಪ್ರೀತಿಯಿಂದ ಹೇಳಿದಿರಿ ಸರ್, ಆದರೆ ಒಯ್ಯುವ ಹಾಗಿಲ್ಲ. ಕರಿಬೇವಿನ ಗಿಡ, ಹಸಿ ಎಲೆ ಎರಡನ್ನೂ ಅಮೆರಿಕದೊಳಗೆ ಬಿಡುವುದಿಲ್ಲ. ಕಿತ್ತಳೆ, ನಿಂಬೆ ಗಿಡಗಳ ರೋಗ ಹರಡುವ ಕೀಟ ಅದರ ಮೇಲೂ ಕೂರುತ್ತದೆ. ಮಣ್ಣಂತೂ ಹಿಡಿಯಷ್ಟೂ ಒಯ್ಯುವಂತಿಲ್ಲ. ನಾವು ಬೆಳೆಸಿದ ಗಿಡ ಅಂತ ಆಸೆ ಆಗುತ್ತದೆ ನಿಜ. ಆದರೆ ಅಲ್ಲಿ ನೋಡಿದ ಮೇಲೆ ನನಗೆ ಆ ಕಟ್ಟುನಿಟ್ಟು ಯಾಕೆ ಅಂತ ಅರ್ಥವಾಯಿತು. ಮೇಷ್ಟ್ರು ಹೇಳಿದ ಓಹಿಯ ಮರಗಳಿಗೆ ಒಂದು ಶಿಲೀಂಧ್ರ ರೋಗ ಬಂದಿದೆ. 2014ರಲ್ಲಿ ಪತ್ತೆಯಾದದ್ದು. ಚಪ್ಪಲಿಗೆ, ಗುದ್ದಲಿಗೆ ಅಂಟಿದ ಮಣ್ಣಿನಲ್ಲೂ ಹರಡುತ್ತದೆ. ಕಾಡಿಗೆ ಹೋಗುವ ದಾರಿಯಲ್ಲಿ ಚಪ್ಪಲಿ ಉಜ್ಜಲು ಬ್ರಷ್ ಇಟ್ಟಿರುತ್ತಾರೆ. ಎಲೆ ತುಂಬಿದ್ದ ದೊಡ್ಡ ಮರ ಕೆಲವೇ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿ ನಿಂತಿರುವುದು ನೋಡಿದರೆ ಸಂಕಟವಾಗುತ್ತದೆ.

ಅಲ್ಲಿ ಸುಲಭವಾಗಿ ಬರುವುದು ಕೆಸು. ಹವಾಯಿಯವರಿಗೆ ಅದು ನಮಗೆ ರಾಗಿ ಇದ್ದ ಹಾಗೆ. ಗೆಣಸು, ಬಾಳೆ, ಬಸಳೆ ಕೂಡ ಬರುತ್ತವೆ. ಟೊಮೆಟೊಗೆ ಅಷ್ಟು ಮಳೆ ಆಗದು. ಮೇಲೆ ಪ್ಲಾಸ್ಟಿಕ್ ಚಪ್ಪರ ಹಾಕಿಸಿ.

ಪಾಂಡವಪುರ ನಾಲೆ ಬಯಲು

ಹವಾಯಿಯಲ್ಲಿ ಕಬ್ಬು ಇತ್ತು ಅಂತ ಕೇಳಿದ್ದೆ. ಈ ಕಲ್ಲಿನ ಮೇಲಾ?

ಹಿಲೋದಲ್ಲಿ 6 ವರ್ಷ

ಹಿಲೋದಿಂದ ಉತ್ತರಕ್ಕೆ ಹಾಮಾಕುವಾ ಅಂತ ಕರಾವಳಿ ಇದೆ ಅಣ್ಣ. ಅಲ್ಲಿ ಹಳೆಯ ಬೂದಿ ಬಿದ್ದು ಆಳವಾದ ಮಣ್ಣು. ನೂರಕ್ಕೂ ಹೆಚ್ಚು ವರ್ಷ ಕಬ್ಬು ಬೆಳೆದರು. 90ರ ದಶಕದಲ್ಲಿ ಕಾರ್ಖಾನೆ ಮುಚ್ಚಿದವು. ಮನೆಯಿಂದ ಒಂದೆರಡು ಗಂಟೆ ದಾರಿಯಲ್ಲಿ ಕಲ್ಲೂ ನೋಡಬಹುದು, ಮೊಣಕೈವರೆಗೆ ಕೈ ಇಳಿಯುವ ಮಣ್ಣೂ ನೋಡಬಹುದು.

ಕಲ್ಲು ಮೇಷ್ಟ್ರು

ಮಾರಿಷಸ್ ಕೂಡ ಲಾವಾ ದ್ವೀಪವೇ. ಅಲ್ಲಿ ಕಬ್ಬಿನ ಗದ್ದೆ ನಡುವೆ ಕಪ್ಪು ಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳಿವೆ. ಗದ್ದೆಯಿಂದ ಕೈಯಲ್ಲಿ ಎತ್ತಿ ಪೇರಿಸಿದ ಕಲ್ಲು. ನಮ್ಮ ದೇಶದಿಂದ ಹೋದ ಕೂಲಿಯವರೇ ಬಹುಪಾಲು ಆ ಗದ್ದೆಗಳಲ್ಲಿ ದುಡಿದದ್ದು. ಆ ಗುಡ್ಡೆಗಳ ಫೋಟೋ ನೋಡಿದಾಗಲೆಲ್ಲ ಆ ಕೈಗಳು ಕಣ್ಣ ಮುಂದೆ ಬರುತ್ತವೆ.

ಸರಸ್ವತಿಪುರಂ ಅಂಗಳ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತಿಳಿಸಬೇಕು ಅನ್ನಿಸಿತು.

ಮಗಳು ಹೊಸ ಗುಣಿ ತೋಡಲಿಲ್ಲ. ಹಿತ್ತಲಿನಲ್ಲಿದ್ದ ಕಲ್ಲನ್ನೇ ಸುತ್ತ ಪೇರಿಸಿ ಎರಡು ಮಡಿ ಕಟ್ಟಿದ್ದಾಳೆ. ತಳಕ್ಕೆ ರಟ್ಟು, ಕೊಂಬೆ, ಪಕ್ಕದ ಮನೆಯವರು ಕಡಿದ ಬಾಳೆ ದಿಂಡು. ಬೇಲಿ ಪಕ್ಕಕ್ಕೆ ಗುಡಿಸಿ ಹಾಕಿದ್ದ ಆ ಕಪ್ಪು ಪುಡಿಯನ್ನು ಬಾಂಡ್ಲಿಯಲ್ಲಿ ತುಂಬಿ ತಂದು ಮೇಲೆ ಹಾಸಿದಳಂತೆ. ಮೂಳೆ ಪುಡಿ ಗೊಬ್ಬರದಲ್ಲಿ ಕಲಸಿ ಬೇರಿನ ಹತ್ತಿರ ಇಟ್ಟಿದ್ದಾಳೆ. ಕಡಲೆಕಾಯಿ ಬೆಣ್ಣೆ ಕಡ್ಡಿ ಇಡುವುದು ಈಗ ಮೊಮ್ಮಗಳ ಕೆಲಸ. ಇಟ್ಟು ಗಡಿಯಾರ ನೋಡುತ್ತಾ ಕೂರುತ್ತಾಳಂತೆ. ಸದ್ಯ ಇರುವೆ ಸಿಕ್ಕಿಲ್ಲ.

ಟೊಮೆಟೊ ಎರಡು ಹೋದವು. ಒಂದು ಉಳಿದಿದೆ. ಹಳೆಯ ಎಲೆ ಹಾಗೇ ನೇರಳೆ, ಆದರೆ ತುದಿಯಲ್ಲಿ ಹೊಸದಾಗಿ ಬಂದ ನಾಲ್ಕು ಎಲೆ ಮಗುಚಿ ಫೋಟೋ ತೆಗೆದು ಕಳಿಸಿದ್ದಾಳೆ. ಅಡಿಭಾಗ ಹಸಿರು. ಬದನೆ ಮೊಗ್ಗು ಬಿಟ್ಟಿದೆ. ಕೆಸು ಮೂರು ಎಲೆ.

ಇಲ್ಲಿ ನನ್ನ ಅಂಗಳದಲ್ಲೂ ಬದಲಾಯಿಸಿದ್ದೇನೆ. ಹೊಂಗೆ ಎಲೆ, ಮಾವಿನ ಎಲೆ ಗುಡಿಸಿ ಕಸದ ಗಾಡಿಗೆ ಹಾಕುವುದನ್ನು ನಿಲ್ಲಿಸಿದೆ. ಮೂವತ್ತು ವರ್ಷ ಕೊಟ್ಟುಬಿಟ್ಟೆನಲ್ಲ ಅಂತ ಸಂಕಟ. ಈರನಗೆರೆ ಬದನೆ ಪಾತಿಗೆ ಗೇಣುದ್ದ ಎಲೆ ಹಾಸಿದ್ದೇನೆ. ಎರಡು ದಿನಕ್ಕೊಮ್ಮೆ ಹಾಕುತ್ತಿದ್ದ ನೀರು ಈಗ ನಾಲ್ಕು ದಿನಕ್ಕೆ ಸಾಕಾಗುತ್ತಿದೆ. ಖಾಲಿ ಇರುವ ಮಡಿಗೆ ಅಪ್ಸೆಣಬು ಹಾಕಬೇಕು ಅಂತಿದ್ದೇನೆ. ಬೀಜ ಎಲ್ಲಿ ಸಿಗುತ್ತೆ?

ಪಾಂಡವಪುರ ನಾಲೆ ಬಯಲು

ಕೊಂಡುಕೊಳ್ಳಬೇಡಿ ಅಕ್ಕಾ. ಭಾನುವಾರ ಮೈಸೂರಿಗೆ ಬರುತ್ತೇನೆ, ಎರಡು ಸೇರು ತರುತ್ತೇನೆ. ಒತ್ತಾಗಿ ಚೆಲ್ಲಿ, ಹೂವು ಕಾಣಿಸಿದ ವಾರದಲ್ಲೇ ಕಡಿದು ಹಾಸಿಬಿಡಿ. ಕಾಯಿ ಕಟ್ಟಲು ಬಿಟ್ಟರೆ ಕಡ್ಡಿ ಗಟ್ಟಿಯಾಗಿ ಬೇಗ ಕೊಳೆಯೋದಿಲ್ಲ.